ಸಭಾಂಗಣದ ಕೊನೆಯ ಮೇಜು

ಯಾವುದಾದರೂ ದೊಡ್ಡ ಸಮ್ಮೇಳನಕ್ಕೆ ಹೋದಾಗ ಒಮ್ಮೆ ವೇದಿಕೆಗೆ ಬೆನ್ನು ತಿರುಗಿಸಿ ನೋಡಿ. ಕುರ್ಚಿಗಳ ಸಾಲು ಮುಗಿಯುವ ಕಡೆ, ಬಾಗಿಲಿನ ಹತ್ತಿರ, ಕಪ್ಪು ಬಟ್ಟೆ ಹೊದಿಸಿದ ಒಂದು ಉದ್ದನೆಯ ಮೇಜು ಇರುತ್ತದೆ. ಅದರ ಮೇಲೆ ಗುಂಡಿಗಳೇ ತುಂಬಿದ ಹಲಗೆಗಳು, ಎರಡು ಮೂರು ಪುಟ್ಟ ಪರದೆಗಳು, ಕೆಳಗೆ ಹಾವಿನ ಸುರುಳಿಯಂತೆ ಬಿದ್ದ ಕೇಬಲ್ಲುಗಳು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡ ಇಬ್ಬರು ಅಲ್ಲಿ ಕೂತು ಪಿಸುಮಾತಿನಲ್ಲಿ ಏನೋ ಹೇಳುತ್ತಿರುತ್ತಾರೆ. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಹಲವು ವರ್ಷಗಳಿಂದ ಅಂಥ ಮೇಜಿನ ಹಿಂದೆ ಕೂರುವುದೇ ನನ್ನ ವೃತ್ತಿ. ಈ ಕೆಲಸಕ್ಕೂ ಒಂದು ಇತಿಹಾಸವಿದೆಯೇ ಎಂದು ಊರಿನ ಸ್ನೇಹಿತರು ನಗುತ್ತಾ ಕೇಳುವುದುಂಟು. ಇದೆ. ಅದರಲ್ಲಿ ಒಂದು ದಿನವನ್ನಂತೂ ಎದ್ದು ಕಾಣುವಂತೆ ಗುರುತು ಹಾಕಿಡಬೇಕು: 1968ರ ಡಿಸೆಂಬರ್ 9, ಸೋಮವಾರ.

ಅಂದು ಸ್ಯಾನ್‌ಫ್ರಾನ್ಸಿಸ್ಕೋದ ಸಿವಿಕ್ ಸೆಂಟರ್‌ನಲ್ಲಿ ಕಂಪ್ಯೂಟರ್ ತಜ್ಞರ ಸಮ್ಮೇಳನ. ಸುಮಾರು ಸಾವಿರ ಜನರ ಎದುರು ಡಗ್ಲಸ್ ಎಂಗಲ್‌ಬಾರ್ಟ್ ಎಂಬ ವಿಜ್ಞಾನಿ ಒಂದೂವರೆ ಗಂಟೆ ಕಾಲ ಒಂದು ಪ್ರಾತ್ಯಕ್ಷಿಕೆ ತೋರಿಸಿದರು. ಮೌಸ್, ಪರದೆಯ ಮೇಲೆ ನೇರವಾಗಿ ಬರಹ ತಿದ್ದುವುದು, ಒಂದು ಪದವನ್ನು ಒತ್ತಿದರೆ ಇನ್ನೊಂದು ಪುಟಕ್ಕೆ ಹಾರುವ ಕೊಂಡಿ, ದೂರದಲ್ಲಿ ಕೂತ ಇಬ್ಬರು ಒಂದೇ ಬರಹದ ಮೇಲೆ ಕೆಲಸ ಮಾಡುತ್ತಾ ಪರಸ್ಪರ ಮುಖ ನೋಡಿ ಮಾತಾಡುವುದು, ಇವೆಲ್ಲ ಸಾರ್ವಜನಿಕರ ಕಣ್ಣಿಗೆ ಒಟ್ಟಿಗೆ ಬಿದ್ದದ್ದು ಆವತ್ತು. ಎಷ್ಟೋ ವರ್ಷಗಳ ನಂತರ, 1994ರಲ್ಲಿ, ಸ್ಟೀವನ್ ಲೆವಿ ಎಂಬ ಪತ್ರಕರ್ತರು ತಮ್ಮ ಪುಸ್ತಕದಲ್ಲಿ ಅದನ್ನು 'ಎಲ್ಲ ಡೆಮೋಗಳ ತಾಯಿ' ಎಂದು ಕರೆದರು. ಆ ಹೆಸರೇ ನಿಂತಿತು. ಸಿಲಿಕಾನ್ ಕಣಿವೆಯಲ್ಲಿ ಬದುಕು ಕಟ್ಟಿಕೊಂಡ ನಮ್ಮ ಕನ್ನಡಿಗರಲ್ಲಿ ಎಂಗಲ್‌ಬಾರ್ಟರ ಹೆಸರು ಕೇಳಿದವರು ಸಾಕಷ್ಟು ಮಂದಿ ಇದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಅವರೊಬ್ಬರ ಕಥೆಯಲ್ಲ. ಆ ಸಭಾಂಗಣದ ಹಿಂಬದಿಯಲ್ಲಿ ಕೂತಿದ್ದ ಬಿಲ್ ಇಂಗ್ಲಿಷ್ ಎಂಬವರ ಕಥೆ. ಇಂಗ್ಲಿಷ್ ಎಂಬುದು ಇಲ್ಲಿ ಭಾಷೆಯಲ್ಲ, ಮನುಷ್ಯನ ಹೆಸರು. ಓದುವಾಗ ಗೊಂದಲವಾಗದಿರಲಿ.

ಅವರ ಸಾಹಸ ಅರ್ಥವಾಗಬೇಕಾದರೆ ಆ ಕಾಲದ ಸಮ್ಮೇಳನಗಳಲ್ಲಿ ಚಿತ್ರ ತೋರಿಸುವುದು ಎಂದರೆ ಏನಿತ್ತು ಎಂಬುದನ್ನು ಮೊದಲು ನೋಡಬೇಕು. ಮ್ಯಾಜಿಕ್ ಲ್ಯಾಂಟರ್ನ್ ಎಂಬ ದೀಪದ ಪೆಟ್ಟಿಗೆಯ ಕಾಲದಿಂದಲೂ ಪದ್ಧತಿ ಒಂದೇ: ಗಾಜಿನ ಮೇಲೋ ಫಿಲ್ಮಿನ ಮೇಲೋ ಮೊದಲೇ ಸಿದ್ಧವಾದ ಚಿತ್ರ, ಅದರ ಹಿಂದೆ ಬೆಳಕು, ಮುಂದೆ ಮಸೂರ. ಕೊಡಾಕ್ ಕಂಪನಿ 1960ರ ದಶಕದ ಆರಂಭದಲ್ಲಿ ತಂದ ಕ್ಯಾರೊಸೆಲ್ ಪ್ರೊಜೆಕ್ಟರು ಇದನ್ನು ಸುಲಭ ಮಾಡಿತು. ಮೇಲೆ ತಿರುಗುವ ದುಂಡನೆಯ ತಟ್ಟೆ, ಅದರಲ್ಲಿ 80 ಸ್ಲೈಡುಗಳು. ಗುಂಡಿ ಒತ್ತಿದರೆ ಒಂದೊಂದೇ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಬೆಳಕಿನ ಎದುರು ನಿಲ್ಲುತ್ತಿತ್ತು. ಚೌಕಾಕಾರದ ಸ್ಲೈಡನ್ನು ತಟ್ಟೆಗೆ ಎಂಟು ರೀತಿಯಲ್ಲಿ ಇಳಿಸಬಹುದು. ಅವುಗಳಲ್ಲಿ ಸರಿಯಾದದ್ದು ಒಂದೇ. ಉಳಿದ ಏಳರಲ್ಲಿ ಚಿತ್ರ ತಲೆಕೆಳಗೋ ಅಡ್ಡವೋ ಕನ್ನಡಿಯ ಬಿಂಬದಂತೆ ತಿರುವುಮುರುವೋ ಆಗುತ್ತದೆ. ಅದಕ್ಕೇ ಪ್ರತಿ ಸ್ಲೈಡಿನ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಎಲ್ಲ ಚುಕ್ಕೆಗಳೂ ಒಂದೇ ಕಡೆ ಬಂದಿವೆಯೇ ಎಂದು ನೋಡುವುದು ಹಿಂದಿನ ಮೇಜಿನವರ ಮೊದಲ ಪಾಠವಾಗಿತ್ತು.

ಶಾಲೆ, ಕಚೇರಿ, ಸೈನ್ಯಗಳಲ್ಲಿ ಇನ್ನೊಂದು ಯಂತ್ರವಿತ್ತು, ಓವರ್‌ಹೆಡ್ ಪ್ರೊಜೆಕ್ಟರು. ಪಾರದರ್ಶಕ ಹಾಳೆಯ ಮೇಲೆ ಬರೆದುಕೊಂಡು ಬಂದು ಗಾಜಿನ ಮೇಲಿಟ್ಟರಾಯಿತು. ಭಾರತದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ನನ್ನ ವಯಸ್ಸಿನವರಿಗೆ ಅದರ ಫ್ಯಾನಿನ ಸದ್ದು ಇನ್ನೂ ಕಿವಿಯಲ್ಲಿರಬಹುದು. ಹಾಳೆಯಾದರೂ ಸರಿ, ಸ್ಲೈಡಾದರೂ ಸರಿ, ತೋರಿಸುವ ಚಿತ್ರ ಮಾತ್ರ ಸಭೆಗೆ ಬರುವ ಮೊದಲೇ ಮುಗಿದುಹೋಗಿರುತ್ತಿತ್ತು. ಕಂಪ್ಯೂಟರಿನ ಬಗ್ಗೆ ಮಾತಾಡುವವರೂ ಕಂಪ್ಯೂಟರಿನ ಫೋಟೋ ತೋರಿಸುತ್ತಿದ್ದರು. ಕಂಪ್ಯೂಟರ್ ಕೆಲಸ ಮಾಡುವುದನ್ನೇ ಸಾವಿರ ಜನಕ್ಕೆ ತೋರಿಸುವ ದಾರಿ ಇರಲಿಲ್ಲ.

ಎಂಗಲ್‌ಬಾರ್ಟರ ಕಷ್ಟ ಇದ್ದದ್ದೇ ಇಲ್ಲಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅವರು ಅಮೆರಿಕದ ನೌಕಾಪಡೆಯ ರಡಾರ್ ತಂತ್ರಜ್ಞರಾಗಿ ಫಿಲಿಪ್ಪೀನ್ಸ್‌ನಲ್ಲಿದ್ದರು. ಅಲ್ಲಿನ ರೆಡ್‌ಕ್ರಾಸ್ ಗ್ರಂಥಾಲಯವೊಂದರಲ್ಲಿ, ಮನುಷ್ಯನ ಜ್ಞಾನವನ್ನು ಯಂತ್ರದ ನೆರವಿನಿಂದ ಜೋಡಿಸಿಡುವ ಬಗ್ಗೆ ವ್ಯಾನೆವರ್ ಬುಷ್ ಬರೆದ ಲೇಖನ ಅವರ ಕಣ್ಣಿಗೆ ಬಿತ್ತು. ಆ ಬೀಜ ಮೊಳೆತು ಮರವಾಗಲು ಹಲವು ವರ್ಷ ಹಿಡಿಯಿತು. ಮೆನ್ಲೋ ಪಾರ್ಕ್‌ನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಅವರು 1962ರಲ್ಲಿ ಮಾನವ ಬುದ್ಧಿಯ ಶಕ್ತಿಯನ್ನು ಹಿಗ್ಗಿಸುವ ಬಗ್ಗೆ ಒಂದು ದೀರ್ಘ ವರದಿ ಬರೆದರು. ಕಂಪ್ಯೂಟರ್ ಇರುವುದು ಲೆಕ್ಕ ಮಾಡುವುದಕ್ಕೆ ಮಾತ್ರವಲ್ಲ, ಯೋಚಿಸುವುದಕ್ಕೆ, ಒಟ್ಟಿಗೆ ಕೂತು ಯೋಚಿಸುವುದಕ್ಕೆ ಎಂಬುದು ಅವರ ವಾದ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಫಲಿತಾಂಶಕ್ಕಾಗಿ ಕಾಯುತ್ತಿದ್ದ ಕಾಲದಲ್ಲಿ ಆ ಮಾತು ಬಹುಪಾಲು ಜನರಿಗೆ ತಲೆಗೆ ಹತ್ತಲಿಲ್ಲ. ಬರೆದು ತಿಳಿಸಲಾಗದ್ದನ್ನು ಮಾಡಿಯೇ ತೋರಿಸಬೇಕಾಗಿತ್ತು.

ಮಾಡಿ ತೋರಿಸುವ ಕೈ ಬಿಲ್ ಇಂಗ್ಲಿಷರದು. ಕೆಂಟಕಿ ರಾಜ್ಯದಲ್ಲಿ 1929ರಲ್ಲಿ ಹುಟ್ಟಿದ ಅವರು ವಿದ್ಯುತ್ ಇಂಜಿನಿಯರಿಂಗ್ ಓದಿ, ನೌಕಾಪಡೆಯಲ್ಲಿದ್ದು, ನಂತರ ಅದೇ ಸಂಸ್ಥೆ ಸೇರಿದವರು. ಮೌಸ್ ಎಂಗಲ್‌ಬಾರ್ಟರ ಕಲ್ಪನೆ. 1964ರ ಸುಮಾರಿಗೆ ಅದಕ್ಕೆ ರೂಪ ಕೊಟ್ಟು ಮೊದಲ ಮಾದರಿ ತಯಾರಿಸಿದವರು ಇಂಗ್ಲಿಷ್. ಅಂಗೈಯಲ್ಲಿ ಹಿಡಿಯುವಷ್ಟು ಮರದ ತುಂಡು, ಅದರ ಹೊಟ್ಟೆಯಲ್ಲಿ ಒಂದಕ್ಕೊಂದು ಲಂಬವಾಗಿ ನಿಂತ ಎರಡು ಚಕ್ರ, ಮೇಲೆ ಒಂದೇ ಗುಂಡಿ. ಲೈಟ್ ಪೆನ್, ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಸುವ ಉಪಕರಣ ಮುಂತಾದವುಗಳ ಜೊತೆ ಅದನ್ನು ಹೋಲಿಸಿ, ಯಾವುದರಲ್ಲಿ ಜನ ಬೇಗನೆ, ತಪ್ಪಿಲ್ಲದೆ ಗುರಿ ಮುಟ್ಟುತ್ತಾರೆ ಎಂದು ಅಳೆದು ನೋಡಿದ ಪ್ರಯೋಗಗಳ 1967ರ ಪ್ರಬಂಧದಲ್ಲಿ ಮೊದಲ ಹೆಸರೂ ಅವರದೇ. ಎಂಗಲ್‌ಬಾರ್ಟರು ದೂರದ ಬೆಟ್ಟ ತೋರಿಸುವವರು. ಅಲ್ಲಿಗೆ ಹೋಗುವ ದಾರಿಯಲ್ಲಿ ಎಷ್ಟು ಹಳ್ಳಗಳಿವೆ, ಯಾವುದಕ್ಕೆ ಎಷ್ಟು ಉದ್ದದ ಹಲಗೆ ಬೇಕು ಎಂದು ಲೆಕ್ಕ ಹಾಕುವವರು ಇಂಗ್ಲಿಷ್.

1968ರ ಸಮ್ಮೇಳನಕ್ಕೆ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಅದನ್ನು ಓದಿ ಕೂರುವುದರ ಬದಲು, ಕೆಲಸ ಮಾಡುವ ವ್ಯವಸ್ಥೆಯನ್ನೇ ವೇದಿಕೆಯಿಂದ ನಡೆಸಿ ತೋರಿಸುವುದೆಂದು ತೀರ್ಮಾನವಾಯಿತು. ಹೇಳುವುದು ಸುಲಭ. ಇಂಗ್ಲಿಷರ ಮುಂದೆ ಆಗ ನಾಲ್ಕು ಸಮಸ್ಯೆಗಳು ಸಾಲಾಗಿ ನಿಂತವು.

ಮೊದಲನೆಯದು, ಕಂಪ್ಯೂಟರನ್ನು ತರುವ ಹಾಗಿಲ್ಲ. ಎಸ್‌ಡಿಎಸ್ 940 ಎಂಬ ಆ ಯಂತ್ರ ಮೆನ್ಲೋ ಪಾರ್ಕ್‌ನಲ್ಲಿ ಇಡೀ ಕೋಣೆಯನ್ನು ಆವರಿಸಿಕೊಂಡಿತ್ತು. ಅದರ ಮೆಮೊರಿ 192 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆಯುವ ಒಂದು ಚಿತ್ರಕ್ಕೂ ಅದು ಸಾಲದು. ಯಂತ್ರ ಅಲ್ಲಿ, ಸಭೆ ಇಲ್ಲಿ, ನಡುವೆ ಸುಮಾರು 30 ಮೈಲಿ. ವೇದಿಕೆಯ ಮೇಲೆ ಎಂಗಲ್‌ಬಾರ್ಟರು ಮೌಸ್ ಸರಿಸಿದರೆ ಆ ಚಲನೆ 30 ಮೈಲಿ ಹೋಗಬೇಕು, ಕಂಪ್ಯೂಟರ್ ಅದನ್ನು ಗ್ರಹಿಸಿ ಚಿತ್ರ ಬದಲಿಸಬೇಕು, ಬದಲಾದ ಚಿತ್ರ ಮತ್ತೆ 30 ಮೈಲಿ ಬರಬೇಕು. ಇಷ್ಟೂ ಆಗುವುದು ನೋಡುವವರಿಗೆ ತಿಳಿಯಲೇಬಾರದು. ಹೋಗುವ ದಾರಿಗೆ ಟೆಲಿಫೋನ್ ತಂತಿ ಸಾಕಾಯಿತು. ಅದಕ್ಕಾಗಿ ತಂಡದವರು ತಾವೇ ತಯಾರಿಸಿದ ಮೋಡೆಮ್‌ಗಳು ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಕೀಲಿಮಣೆಯ, ಮೌಸ್‌ನ ಸಂಕೇತಗಳನ್ನು ಕಳಿಸುತ್ತಿದ್ದವು.

ಎರಡನೆಯದು ಬರುವ ದಾರಿ. ಚಲಿಸುವ ಚಿತ್ರವನ್ನು ಹೊತ್ತು ತರಲು ಟೆಲಿಫೋನ್ ತಂತಿಗೆ ತ್ರಾಣವಿರಲಿಲ್ಲ. ಅದಕ್ಕೆ ಮೈಕ್ರೋವೇವ್ ಬೇಕು. ಮೈಕ್ರೋವೇವ್ ಎಂಬುದು ನೇರ ನೋಟದ ವ್ಯವಹಾರ. ಕಳಿಸುವ ತಟ್ಟೆಗೂ ಪಡೆಯುವ ತಟ್ಟೆಗೂ ನಡುವೆ ಗುಡ್ಡ ಅಡ್ಡ ಬಂದರೆ ಎಲ್ಲ ಮುಗಿಯಿತು. ಮೆನ್ಲೋ ಪಾರ್ಕ್ ತಗ್ಗಿನಲ್ಲಿದೆ. ಅಲ್ಲಿಂದ ನೋಡಿದರೆ ಸ್ಯಾನ್‌ಫ್ರಾನ್ಸಿಸ್ಕೋ ಕಾಣುವುದಿಲ್ಲ. ಎರಡು ಊರುಗಳ ನಡುವೆ ಗುಡ್ಡವಿದ್ದರೆ ನಾವಾದರೂ ಏನು ಮಾಡುತ್ತೇವೆ? ಗುಡ್ಡದ ನೆತ್ತಿಯ ಮೇಲೆ ಒಬ್ಬನನ್ನು ನಿಲ್ಲಿಸುತ್ತೇವೆ. ಅವನಿಗೆ ಎರಡೂ ಊರು ಕಾಣುತ್ತವೆ. ಇಂಗ್ಲಿಷರ ತಂಡವೂ ಅದನ್ನೇ ಮಾಡಿತು. ಸಂಸ್ಥೆಯ ಚಾವಣಿಯ ಮೇಲೆ ಎರಡು ಆಂಟೆನಾ, ಬೆಟ್ಟಸಾಲಿನ ಬೆನ್ನ ಮೇಲೆ ಹಾದುಹೋಗುವ ಸ್ಕೈಲೈನ್ ಬುಲೆವಾರ್ಡ್‌ನಲ್ಲಿ ಒಂದು ಟ್ರಕ್ಕು, ಅದರ ಮೇಲೆ ನಾಲ್ಕು ಆಂಟೆನಾ, ಸಮ್ಮೇಳನದ ಕಟ್ಟಡದ ಮೇಲೆ ಇನ್ನೆರಡು. ಹೀಗೆ ಎರಡು ವಿಡಿಯೋ ಕೊಂಡಿಗಳು ಸಿದ್ಧವಾದವು. ಇಂದಿಗೂ ಆ ರಸ್ತೆಯಲ್ಲಿ ಕಾರು ಓಡಿಸುವಾಗ, ಮಂಜು ಸರಿದು ಒಂದು ಕಡೆ ಕೊಲ್ಲಿಯೂ ದೂರದಲ್ಲಿ ನಗರವೂ ಕಂಡರೆ, ಆ ಟ್ರಕ್ಕು ಎಲ್ಲಿ ನಿಂತಿದ್ದಿರಬಹುದು ಎಂದು ನಾನು ಹುಡುಕುವುದುಂಟು.

ಮೂರನೆಯದು, ಬಂದ ಚಿತ್ರವನ್ನು ಸಾವಿರ ಜನಕ್ಕೆ ಕಾಣುವಂತೆ ಮಾಡುವುದು. ಅಂದಿನ ಟೀವಿ ಪರದೆ ಎಂದರೆ ಒಂದು ಟ್ರಂಕಿನ ಮುಚ್ಚಳದಷ್ಟು. ಇಲ್ಲಿ ಬೇಕಾದದ್ದು 22 ಅಡಿಯ ಪರದೆ. ಅದಕ್ಕೆ ಒದಗಿದ್ದು ಸ್ವಿಟ್ಜರ್ಲೆಂಡಿನ ಐಡೋಫೋರ್ ಎಂಬ ಯಂತ್ರ. ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕ ಫ್ರಿಟ್ಜ್ ಫಿಷರ್ 1939ರಲ್ಲಿ ಅದರ ಕೆಲಸ ಆರಂಭಿಸಿದ್ದರು. ಅದು ಕೆಲಸ ಮಾಡುವ ಬಗೆ ಕೇಳಿದರೆ ಇಂದಿಗೂ ಬೆರಗಾಗುತ್ತದೆ. ಗಾಳಿ ಹೀರಿ ತೆಗೆದ ಪೆಟ್ಟಿಗೆಯೊಳಗೆ ನಿಧಾನವಾಗಿ ತಿರುಗುವ ಕನ್ನಡಿ, ಆ ಕನ್ನಡಿಯ ಮೇಲೆ ತೆಳ್ಳಗೆ ಸವರಿದ ಎಣ್ಣೆ. ಎಲೆಕ್ಟ್ರಾನ್ ಕಿರಣ ಆ ಎಣ್ಣೆಯ ಮೇಲೆ ಗೆರೆಗೆರೆಯಾಗಿ ಓಡಿ ಚಿತ್ರ ಬರೆಯುತ್ತದೆ. ಕಿರಣ ತಾಗಿದಲ್ಲಿ ಎಣ್ಣೆ ಸುಕ್ಕಾಗುತ್ತದೆ. ಇನ್ನೊಂದು ಕಡೆಯಿಂದ ಪ್ರಖರವಾದ ದೀಪ. ನಯವಾದ ಎಣ್ಣೆಗೆ ಬಡಿದ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಸುಕ್ಕಿಗೆ ಬಡಿದದ್ದು ಮಾತ್ರ ದಿಕ್ಕು ತಪ್ಪಿ, ಸರಳುಗಳ ಸಂದಿಯಲ್ಲಿ ನುಸುಳಿ ಪರದೆಗೆ ಬೀಳುತ್ತದೆ. ದೋಸೆಕಲ್ಲಿನ ಎಣ್ಣೆಯ ಮೇಲೆ ಚಿತ್ರ ಬರೆದು ಅದನ್ನು ಗೋಡೆಗೆ ಬಿಂಬಿಸಿದ ಹಾಗೆ ಎನ್ನೋಣ. ಹೂಸ್ಟನ್‌ನಲ್ಲಿ ನಾಸಾದ ನಿಯಂತ್ರಣ ಕೊಠಡಿಯ ದೊಡ್ಡ ಪರದೆಗಳಿಗೂ ಆಗ ಇದೇ ಯಂತ್ರ. ಅದೇ ಡಿಸೆಂಬರ್ 21ರಂದು ಚಂದ್ರನತ್ತ ಹೊರಟ ಅಪೊಲೋ 8ರ ವಿವರಗಳನ್ನು ಆ ಕೊಠಡಿಯವರು ನೋಡಿದ್ದು ಐಡೋಫೋರ್ ಬೀರಿದ ಬೆಳಕಿನಲ್ಲಿ.

ನಾಲ್ಕನೆಯದು ನನ್ನ ಕಸುಬಿನ ಹೃದಯಕ್ಕೆ ಹತ್ತಿರವಾದದ್ದು: ಯಾವ ಕ್ಷಣಕ್ಕೆ ಏನು ಕಾಣಬೇಕು? ಮೆನ್ಲೋ ಪಾರ್ಕ್‌ನ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಕಂಪ್ಯೂಟರ್ ಚಿತ್ರ ಬರೆಯುತ್ತಿದ್ದದ್ದು ಪುಟ್ಟ ಟ್ಯೂಬುಗಳ ಮೇಲೆ. ಅವುಗಳ ಎದುರು ಟೀವಿ ಕ್ಯಾಮೆರಾ ನಿಲ್ಲಿಸಿ, ಆ ಚಿತ್ರವನ್ನು ಕೆಲಸಗಾರರ ಮೇಜಿನ ಪರದೆಗೆ ಹಾಯಿಸುತ್ತಿದ್ದರು. ಖರ್ಚು ಉಳಿಸಲು ಮಾಡಿದ ಉಪಾಯ ಇಂಗ್ಲಿಷರಿಗೆ ವರವಾಯಿತು. ಕಂಪ್ಯೂಟರಿನ ಚಿತ್ರ ಆಗಲೇ ಟೀವಿ ಚಿತ್ರವಾಗಿದ್ದುದರಿಂದ ಅದನ್ನು ಮನುಷ್ಯರ ಮುಖದ ಚಿತ್ರದೊಂದಿಗೆ ಬೆರೆಸಬಹುದಿತ್ತು. ವೇದಿಕೆಯಲ್ಲಿ ಎಂಗಲ್‌ಬಾರ್ಟರ ಮುಖಕ್ಕೆ ಒಂದು ಕ್ಯಾಮೆರಾ, ಅವರ ಕೈಗಳಿಗೆ ಮೇಲಿನಿಂದ ಒಂದು ಕ್ಯಾಮೆರಾ, ಮೆನ್ಲೋ ಪಾರ್ಕ್‌ನಲ್ಲಿ ಸಹೋದ್ಯೋಗಿಗಳ ಮುಖಕ್ಕೆ ಇನ್ನೊಂದು. ಆ ಕಡೆಯ ಕ್ಯಾಮೆರಾ ಹಿಡಿದವರಲ್ಲಿ ಸ್ಟುವರ್ಟ್ ಬ್ರ್ಯಾಂಡ್ ಇದ್ದರು. ಅದೇ ವರ್ಷ 'ಹೋಲ್ ಅರ್ತ್ ಕ್ಯಾಟಲಾಗ್' ಹೊರತಂದು ಮುಂದೆ ಹೆಸರಾದವರು. ಇವುಗಳಲ್ಲಿ ಯಾವ ಚಿತ್ರ ಮೇಲೆ, ಯಾವುದು ಪಕ್ಕದಲ್ಲಿ, ಯಾವುದು ಇನ್ನೊಂದರ ಮೇಲೆ ಹಾಯಬೇಕು ಎಂದು ಸಭಾಂಗಣದ ಹಿಂಬದಿಯಿಂದ ನಿರ್ಧರಿಸುತ್ತಿದ್ದವರು ಇಂಗ್ಲಿಷ್. ಒಂದು ಕಿವಿ ಮೆನ್ಲೋ ಪಾರ್ಕ್‌ನ ಕಡೆಗೆ, ಬಾಯಿ ಎಂಗಲ್‌ಬಾರ್ಟರ ಹೆಡ್‌ಸೆಟ್ಟಿನ ಕಡೆಗೆ.

ಯಕ್ಷಗಾನದಲ್ಲಿ ಭಾಗವತರು ಮಾಡುವ ಕೆಲಸ ಇದಕ್ಕೆ ಹತ್ತಿರ. ವೇಷಧಾರಿ ಯಾವಾಗ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು, ಮಾತು ಎಲ್ಲಿಗೆ ನಿಲ್ಲಬೇಕು ಎಂಬುದೆಲ್ಲ ಅವರ ತಾಳದಲ್ಲಿದೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಭಾಗವತರು ರಂಗದ ಮೇಲೆಯೇ ಕೂರುತ್ತಾರೆ. ಎಲ್ಲರ ಕಣ್ಣಿಗೂ ಬೀಳುತ್ತಾರೆ. ಮಾರನೆಯ ದಿನ ಊರಿನವರು ಅವರ ಪದ್ಯ ಹೇಗಿತ್ತೆಂದು ಚರ್ಚಿಸುತ್ತಾರೆ. ಸಮ್ಮೇಳನದ ಭಾಗವತನನ್ನು ಪ್ರೇಕ್ಷಕರ ಬೆನ್ನ ಹಿಂದೆ ಕೂರಿಸುವುದು ರೂಢಿ. ಅವನ ಕೆಲಸ ಚೆನ್ನಾಗಿ ಆಯಿತು ಎನ್ನುವುದಕ್ಕೆ ಗುರುತು, ಅವನು ಅಲ್ಲಿದ್ದಾನೆಂದು ಯಾರಿಗೂ ನೆನಪಾಗದಿರುವುದು.

ಪಣಕ್ಕಿಟ್ಟದ್ದೇನು ಎಂಬುದನ್ನೂ ಹೇಳಬೇಕು. ತಂಡದ ಖರ್ಚು ನಡೆಯುತ್ತಿದ್ದದ್ದು ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗವಾದ ಆರ್ಪಾ, ನಾಸಾ, ವಾಯುಪಡೆ ಕೊಟ್ಟ ಸಾರ್ವಜನಿಕ ಹಣದಲ್ಲಿ. ಆ ಹಣ ಸಂಶೋಧನೆಗೆ ಕೊಟ್ಟದ್ದು, ಟ್ರಕ್ಕು, ಆಂಟೆನಾ, ಬಾಡಿಗೆ ಕ್ಯಾಮೆರಾಗಳಿಗಲ್ಲ. ಎಂಗಲ್‌ಬಾರ್ಟರು ಮುಂದೆ ನೆನಪಿಸಿಕೊಂಡಂತೆ, ಹಣ ಕೊಡುವವರು 'ಇದನ್ನೆಲ್ಲ ನಮಗೆ ಹೇಳಲೇ ಬೇಡಿ' ಎಂಬ ಧಾಟಿಯಲ್ಲಿದ್ದರಂತೆ. ಗೆದ್ದರೆ ಎಲ್ಲರಿಗೂ ಹೆಮ್ಮೆ. ಸಭೆಯ ಮಧ್ಯೆ ಪರದೆ ಕಪ್ಪಾದರೆ ಲೆಕ್ಕ ಕೇಳುವ ಪತ್ರ ಬರುವುದು ಖಚಿತ. ಅರ್ಧಂಬರ್ಧ ಸೋಲು ಎಂಬುದು ಅಲ್ಲಿರಲಿಲ್ಲ. ಬೆಟ್ಟದ ಮೇಲಿನ ಒಂದು ತಟ್ಟೆ ಗಾಳಿಗೆ ಅಲುಗಿದರೂ, ಮೆನ್ಲೋ ಪಾರ್ಕ್‌ನ ಕಂಪ್ಯೂಟರ್ ಒಮ್ಮೆ ಸ್ಥಗಿತಗೊಂಡರೂ, ಎಂಗಲ್‌ಬಾರ್ಟರ ಕೈಯಲ್ಲಿ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಹತ್ತಾರು ವರ್ಷದ ಚಿಂತನೆ 'ಆಗದ ಹೋಗದ ಕನಸು' ಎಂಬ ಹೆಸರಿನಲ್ಲಿ ಮುಗಿದುಹೋಗಬಹುದಿತ್ತು.

ಪರದೆ ಕಪ್ಪಾಗಲಿಲ್ಲ. ಎಂಗಲ್‌ಬಾರ್ಟರು ವೇದಿಕೆಯ ಬಲಬದಿಯಲ್ಲಿ ಕೂತು, ವಿಮಾನ ಚಾಲಕರಂತೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ತಣ್ಣನೆಯ ದನಿಯಲ್ಲಿ ಶುರುಮಾಡಿದರು. ಉದಾಹರಣೆಗೆ ಅವರು ಆರಿಸಿಕೊಂಡದ್ದು ಮನೆಗೆ ತರಬೇಕಾದ ಸಾಮಾನಿನ ಪಟ್ಟಿ. ಬಾಳೆಹಣ್ಣು, ಕ್ಯಾರೆಟ್, ಸೂಪು ಮುಂತಾದವನ್ನು ಪರದೆಯ ಮೇಲೆ ಹಿಂದೆ ಮುಂದೆ ಸರಿಸಿ ಗುಂಪು ಮಾಡಿದರು. ಆಮೇಲೆ ಒಂದು ನಕ್ಷೆ ತೆರೆದು, ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ನಿಂತು ಏನೇನು ತರಬೇಕೆಂದು ತೋರಿಸಿದರು. ನಂತರ ಮೆನ್ಲೋ ಪಾರ್ಕ್‌ನಿಂದ ಜೆಫ್ ರುಲಿಫ್ಸನ್, ಬಿಲ್ ಪ್ಯಾಕ್ಸ್‌ಟನ್ ಅವರ ಮುಖಗಳು ಪರದೆಗೆ ಬಂದವು. 30 ಮೈಲಿ ಆಚೆಗಿದ್ದ ಪ್ಯಾಕ್ಸ್‌ಟನ್‌ರೂ ವೇದಿಕೆಯ ಮೇಲಿದ್ದ ಎಂಗಲ್‌ಬಾರ್ಟರೂ ಒಂದೇ ಬರಹವನ್ನು ನೋಡುತ್ತಾ ಮಾತಾಡಿದರು. ಜ್ವರದಲ್ಲೇ ಎದ್ದು ಬಂದು ಸಭೆಯಲ್ಲಿ ಕೂತಿದ್ದ ಅಲನ್ ಕೇ ಎಂಬ ಯುವಕ ಮುಂದೆ ಸ್ವತಃ ದೊಡ್ಡ ಕಂಪ್ಯೂಟರ್ ವಿಜ್ಞಾನಿಯಾದರು. ಆ ದಿನದ ಪ್ರಭಾವವನ್ನು ಅವರು ಮತ್ತೆ ಮತ್ತೆ ನೆನೆದಿದ್ದಾರೆ. ಒಂದೂವರೆ ಗಂಟೆ ಮುಗಿದಾಗ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಈ ಪ್ರಾತ್ಯಕ್ಷಿಕೆಯ ಚಲನಚಿತ್ರ ಉಳಿದಿದೆ. ಯಾರು ಬೇಕಾದರೂ ನೋಡಬಹುದು. ನಾನು ಅದನ್ನು ನನ್ನ ವೃತ್ತಿಯ ಕಣ್ಣಿನಿಂದ ನೋಡುತ್ತೇನೆ. ಎಂಗಲ್‌ಬಾರ್ಟರ ಮುಖ ಪರದೆಯ ಮೂಲೆಯಲ್ಲಿ ನೆಲೆನಿಂತು ಬರಹ ಪಕ್ಕದಲ್ಲಿ ಮೂಡುವಾಗ, ಒಂದು ಚಿತ್ರ ಇನ್ನೊಂದರೊಳಗೆ ಕರಗುವಾಗ, ಅಲ್ಲಿ ಕಾಣುವುದು ಎಂಗಲ್‌ಬಾರ್ಟರಾದರೂ ಕೆಲಸ ಇಂಗ್ಲಿಷರದು. ಇನ್ನೂ ಒಂದು ಸೂಕ್ಷ್ಮವಿದೆ. ಜನ ಆವತ್ತು ಕಂಡು ಬೆರಗಾದ ವಿಡಿಯೋ ಮಾತುಕತೆಯಲ್ಲಿ ದೊಡ್ಡ ಪಾಲು ಕಂಪ್ಯೂಟರಿನದಲ್ಲ. ಕ್ಯಾಮೆರಾ, ಮೈಕ್ರೋವೇವ್, ಮಿಕ್ಸರುಗಳದು. ಮುಖಗಳ ಚಿತ್ರವನ್ನು ಕಂಪ್ಯೂಟರೇ ಹೊತ್ತು ತರುವ ಕಾಲ ಬರಲು ಇನ್ನೂ ಹಲವು ದಶಕ ಬೇಕಿತ್ತು. ಅಂದರೆ ಭವಿಷ್ಯದ ಕೆಲವು ಅಂಶಗಳನ್ನು ಸಭೆಗೆ ಮೊದಲು ತೋರಿಸಿದ್ದು ರಂಗಸಜ್ಜಿಕೆ. ಯಂತ್ರ ಆಮೇಲೆ ಅದನ್ನು ಹಿಂಬಾಲಿಸಿತು. ಇದು ಮೋಸವಲ್ಲ. ಎಂಗಲ್‌ಬಾರ್ಟರ ತಂಡ ಯಾವುದನ್ನೂ ಮುಚ್ಚಿಡಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ಜನ ಯುದ್ಧ ಕಂಡರಲ್ಲ, ಅಂಥ ಒಂದು ಕಾಣ್ಕೆ.

ಆಮೇಲೆ? 1970ರ ನವೆಂಬರ್‌ನಲ್ಲಿ ಮೌಸ್‌ಗೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ಆವಿಷ್ಕಾರಕರಾಗಿ ಇರುವುದು ಎಂಗಲ್‌ಬಾರ್ಟರ ಹೆಸರು ಮಾತ್ರ. ಅವರಿಗೂ ಅದರಿಂದ ರಾಯಲ್ಟಿ ಬರಲಿಲ್ಲ. ಆದರೆ ಕೀರ್ತಿ ಬಂತು, ತಡವಾಗಿಯಾದರೂ ಬಂತು: 1997ರಲ್ಲಿ ಟ್ಯೂರಿಂಗ್ ಪ್ರಶಸ್ತಿ, 2000ದಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ. ಇಂಗ್ಲಿಷ್ 1971ರಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯಕ್ಕೆ ಹೋದರು. ಅವರ ಹಿಂದೆ ಹಲವರು ಹೋದರು. ಅಲ್ಲಿ 1973ರಲ್ಲಿ ರೂಪುಗೊಂಡ ಆಲ್ಟೋ ಕಂಪ್ಯೂಟರಿನ ಮೂಲಕ ಮೌಸ್ ಮುಂದಿನ ಪೀಳಿಗೆಯ ಯಂತ್ರಗಳಿಗೆ ದಾಟಿತು. ಎಂಗಲ್‌ಬಾರ್ಟ್ 2013ರ ಜುಲೈನಲ್ಲಿ ತೀರಿಕೊಂಡರು, ಇಂಗ್ಲಿಷ್ 2020ರ ಜುಲೈನಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ.

ಅವರು ಬಿಟ್ಟುಹೋದ ಮೇಜಿನ ಮೇಲಿನ ಸಾಮಾನುಗಳು ಒಂದೊಂದಾಗಿ ಬದಲಾದವು. 1987ನೆಯ ಇಸವಿಯನ್ನು ನಾನು ಇದರ ಎರಡನೆಯ ತಿರುವು ಎನ್ನುತ್ತೇನೆ. ಆ ವರ್ಷದ ಏಪ್ರಿಲ್‌ನಲ್ಲಿ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಮ್ಯಾಕಿಂಟಾಷ್‌ಗಾಗಿ ಪವರ್‌ಪಾಯಿಂಟ್ ಹೊರತಂದರು. ಅದರ ಮೊದಲ ಉದ್ದೇಶ ಪರದೆಗೆ ಚಿತ್ರ ಬೀರುವುದಲ್ಲ. ಓವರ್‌ಹೆಡ್ ಪ್ರೊಜೆಕ್ಟರಿಗೆ ಕಪ್ಪುಬಿಳುಪಿನ ಹಾಳೆ ತಯಾರಿಸಿಕೊಡುವುದು. ಕೆಲವೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1 ಕೋಟಿ 40 ಲಕ್ಷ ಡಾಲರಿಗೆ ಕೊಂಡಿತು. ಅದೇ ವರ್ಷ ಐಬಿಎಂ ತನ್ನ ಹೊಸ ಕಂಪ್ಯೂಟರುಗಳಲ್ಲಿ ವಿಜಿಎ ಎಂಬ 15 ಸೂಜಿಗಳ ಜೋಡಣೆ ತಂದಿತು. ಮುಂದೆ ಕಾಲು ಶತಮಾನ ಕಾಲ ನಾವು ಮೇಜಿನ ಕೆಳಗೆ ತೆವಳಿ ಸಿಕ್ಕಿಸುತ್ತಿದ್ದ ನೀಲಿ ಪ್ಲಗ್ಗು ಅದೇ. ಮತ್ತೆ ಅದೇ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಬೆರಳುಗುರಿನಷ್ಟು ಚಿಪ್ಪಿನ ಮೇಲೆ ಲಕ್ಷಾಂತರ ಪುಟಾಣಿ ಕನ್ನಡಿಗಳನ್ನು ಕೂರಿಸುವ ದಾರಿ ಕಂಡುಹಿಡಿದರು. ಪ್ರತಿ ಕನ್ನಡಿಯೂ ಓಲಾಡಿ ಬೆಳಕನ್ನು ಪರದೆಗೋ ಪಕ್ಕಕ್ಕೋ ತಿರುಗಿಸುತ್ತದೆ. ಐಡೋಫೋರ್‌ನ ಎಣ್ಣೆಯ ಸುಕ್ಕು ಮಾಡುತ್ತಿದ್ದದ್ದೂ ಇದೇ ಕೆಲಸ. ಎಣ್ಣೆ ಹೋಗಿ ಕನ್ನಡಿ ಬಂತು, ತತ್ವ ಉಳಿಯಿತು. ಕೊಡಾಕ್ 2004ರಲ್ಲಿ ಕ್ಯಾರೊಸೆಲ್ ಪ್ರೊಜೆಕ್ಟರುಗಳ ತಯಾರಿಕೆಯನ್ನೇ ನಿಲ್ಲಿಸಿತು.

ಯಂತ್ರಗಳು ಇಷ್ಟು ಸುಲಭವಾದ ಮೇಲೆ ಹಿಂದಿನ ಮೇಜಿನ ಮನುಷ್ಯ ಬೇಕೇ ಎಂದು ಕೇಳಬಹುದು. ಇದಕ್ಕೆ ಉತ್ತರ ನನಗೆ ದೊರಕಿದ್ದು ಹೊರನಾಡಿನ ನಮ್ಮ ಕನ್ನಡ ಸಮಾರಂಭಗಳಲ್ಲಿ. ಬರಹ, ನುಡಿ ತಂತ್ರಾಂಶಗಳು ಬಂದ ಆರಂಭದ ವರ್ಷಗಳಲ್ಲಿ ಕನ್ನಡ ಅಕ್ಷರಗಳು ಕಂಪ್ಯೂಟರಿನೊಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ಭಾಷಣಕಾರರು ಮನೆಯಲ್ಲಿ ಅಚ್ಚುಕಟ್ಟಾಗಿ ತಯಾರಿಸಿದ ಸ್ಲೈಡು, ಆ ಫಾಂಟ್ ಇಲ್ಲದ ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿರುತ್ತಿತ್ತು. 1991ರ ಮೊದಲ ಆವೃತ್ತಿಯಲ್ಲೇ ಯುನಿಕೋಡ್ ಕನ್ನಡಕ್ಕೆ ತನ್ನದೇ ಜಾಗ ಕೊಟ್ಟಿತ್ತಾದರೂ, 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ 'ತುಂಗಾ' ಫಾಂಟ್ ಬರುವವರೆಗೆ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದು ಕೈಗೆಟುಕಲಿಲ್ಲ.

ಈಗ ಆ ಕಲಸುಮೇಲೋಗರ ಅಪರೂಪ. ಅದಕ್ಕಿಂತ ಕಳ್ಳ ಶತ್ರು ಇನ್ನೊಂದಿದೆ. ಕನ್ನಡದ ಬರವಣಿಗೆಯಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಅರ್ಕಾವತ್ತು ಉಚ್ಚಾರಕ್ಕಿಂತ ಹಿಂದೆ ಸರಿದು ಕೂರುತ್ತದೆ. 'ಸೂರ್ಯ' ಎಂಬಲ್ಲಿ ರಕಾರ ಮೊದಲು ಕೇಳಿಸಿದರೂ ಅದನ್ನು ಬರೆಯುವ ಇನ್ನೊಂದು ರೂಪದಲ್ಲಿ ಗುರುತು ಯಕಾರದ ಆಮೇಲೆ ಬರುತ್ತದೆ. ಈ ಹೊಂದಾಣಿಕೆಯನ್ನು ತಂತ್ರಾಂಶ ಮಾಡಬೇಕು. ಕೆಲವು ವಿಡಿಯೋ ಸಲಕರಣೆಗಳಿಗೆ ಅದು ಗೊತ್ತಿಲ್ಲ. ಆಗ ಪರದೆಯ ಮೇಲೆ ಬರುವುದೂ ಕನ್ನಡ ಅಕ್ಷರಗಳೇ. ಆದರೆ ಒತ್ತುಗಳು ಕಳಚಿ ಬಿಡಿಬಿಡಿಯಾಗಿ ನಿಂತಿರುತ್ತವೆ. ನನ್ನ ಪಕ್ಕ ಕೂತ ಅಮೆರಿಕನ್ ಸಹೋದ್ಯೋಗಿ ಎಷ್ಟೇ ಚತುರನಾದರೂ ಅವನ ಕಣ್ಣಿಗೆ ಎರಡೂ ಒಂದೇ. ದುಂಡಗೆ, ಚೆಂದವಾಗಿ ಕಾಣುತ್ತಿದೆ ಎಂದು ಅವನು ಹೆಬ್ಬೆರಳು ಎತ್ತಿ ತೋರಿಸುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯ ಮೇಷ್ಟ್ರೊಬ್ಬರು ಹುಬ್ಬು ಗಂಟಿಕ್ಕುವುದರೊಳಗೆ ಅದನ್ನು ಸರಿಪಡಿಸಲು ಆ ಮೇಜಿನ ಹಿಂದೆ ಕನ್ನಡ ಓದಬಲ್ಲವರೊಬ್ಬರು ಇರಲೇಬೇಕು. ಇಂಗ್ಲಿಷರು ಎಂಗಲ್‌ಬಾರ್ಟರ ವಿಚಾರವನ್ನು ಒಳಗಿನಿಂದ ಬಲ್ಲವರಾದ್ದರಿಂದಲೇ ಯಾವ ಚಿತ್ರ ಯಾವಾಗ ಬೇಕೆಂದು ಅವರಿಗೆ ತಿಳಿಯುತ್ತಿತ್ತು. ಬಾಡಿಗೆಗೆ ಬಂದ ತಂತ್ರಜ್ಞನೊಬ್ಬ ತಂತಿಗಳನ್ನು ಜೋಡಿಸಬಲ್ಲ. ಮಾತಿನ ಅರ್ಥಕ್ಕೆ ಚಿತ್ರವನ್ನು ಜೋಡಿಸಲು ವಿಷಯ ಗೊತ್ತಿರಬೇಕು.

1968ರ ಆ ಸಮ್ಮೇಳನದ ಪ್ರಬಂಧ ಸಂಪುಟದಲ್ಲಿ ಲೇಖಕರ ಜಾಗದಲ್ಲಿ ಎರಡು ಹೆಸರುಗಳಿವೆ: ಮೊದಲು ಎಂಗಲ್‌ಬಾರ್ಟ್, ಆಮೇಲೆ ಇಂಗ್ಲಿಷ್. ಬಿಲ್ ಇಂಗ್ಲಿಷರನ್ನು ಇತಿಹಾಸ ಪೂರ್ತಿ ಮರೆಯದಿರಲು ಆ ಮುದ್ರಿತ ಎರಡನೆಯ ಹೆಸರೂ ಒಂದು ಕಾರಣ. ನಮ್ಮ ಕನ್ನಡ ಕೂಟಗಳ ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿದರೆ ಅಧ್ಯಕ್ಷರು, ಮುಖ್ಯ ಅತಿಥಿಗಳು, ದಾನಿಗಳು, ಅಡುಗೆ ಸಮಿತಿ, ಅಲಂಕಾರ ಸಮಿತಿ ಎಲ್ಲರ ಹೆಸರೂ ಸಿಗುತ್ತವೆ. ಧ್ವನಿ ಮತ್ತು ಪರದೆ ನೋಡಿಕೊಂಡವರ ಹೆಸರು ಸಿಗುವುದು ಅಪರೂಪ. ಐವತ್ತು ವರ್ಷಗಳ ಮೇಲೆ ಯಾರಾದರೂ ಹೊರನಾಡ ಕನ್ನಡಿಗರ ಸಮ್ಮೇಳನಗಳ ಚರಿತ್ರೆ ಬರೆಯಲು ಕೂತರೆ ಅವರ ಕೈಗೆ ಸಿಗುವುದು ಇವೇ ಸಂಚಿಕೆಗಳು. ಮುಂದಿನ ಸಂಚಿಕೆಯ ಸಂಪಾದಕರು ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿಸಿದರೆ ಸಾಕು.